ಆರ್ಕಿಟೆಕ್ಚರ್ ಓದಿದವರು ಇದ್ದೀರಾ? ಅನುಭವ ಹೇಳಿ

ಪೆರ್ಲದ ಅಮ್ಮ:
ಮಗಳ ಪ್ಲಸ್ ಟು ಮುಗಿಯಿತು. ಆರ್ಕಿಟೆಕ್ಚರಿನ ಪ್ರವೇಶ ಪರೀಕ್ಷೆ ನಾಟಾದಲ್ಲಿ 200ಕ್ಕೆ 118 ಬಂದಿದೆ. ಬಿ.ಆರ್ಕ್ ಮಾಡಿಯೇ ಮಾಡುತ್ತೇನೆ ಅಂತ ಹಟ. ಹತ್ತರವರೆಗೆ ಕನ್ನಡ ಮೀಡಿಯಂ. ಚಿತ್ರ ಚೆನ್ನಾಗಿ ಬಿಡಿಸುತ್ತಾಳೆ. ಓದು ಕಷ್ಟ, ಪೈಪೋಟಿ ಜಾಸ್ತಿ ಅಂತಾರೆ. ಹೌದಾ?

ಮುಳ್ಳೇರಿಯದವಳು:
ನಾನು ಆರನೇ ಸೆಮಿಸ್ಟರಿಗೆ ಬಿಟ್ಟು ಬಂದವಳು. ಜ್ಯೂರಿ ದಿನ, ಅಂದರೆ ಪರೀಕ್ಷಕರು ನಮ್ಮ ಕೆಲಸ ನೋಡಿ ಪ್ರಶ್ನೆ ಕೇಳುವ ದಿನ, ನಲವತ್ತು ಜನರ ಶೀಟು ಒಂದೇ ಗೋಡೆಗೆ ಪಿನ್ ಮಾಡುತ್ತಾರೆ. ಯಾರದ್ದು ಚೆಂದ, ಯಾರದ್ದು ಸಪ್ಪೆ ಅಂತ ಯಾರೂ ಹೇಳಬೇಕಾಗಿಲ್ಲ, ಕಣ್ಣಿಗೇ ಕಾಣುತ್ತದೆ. ನಾಲ್ಕನೇ ಸೆಮಿಸ್ಟರಲ್ಲಿ ಒಂದು ಶಾಲೆಯ ಮಾಡೆಲ್. ಮೂರು ರಾತ್ರಿ ನಿದ್ದೆ ಇಲ್ಲ. ಕಟ್ಟರ್ ಜಾರಿ ಹೆಬ್ಬೆರಳು ಸೀಳಿತು, ಬಿಳಿ ಮೌಂಟ್ ಬೋರ್ಡಿನ ಮೇಲೆ ರಕ್ತ. ಆ ತುಂಡು ಬಿಸಾಡಿ ಮತ್ತೆ ಕತ್ತರಿಸಿದೆ. ಬೆಳಿಗ್ಗೆ ಮಂಗಳೂರಿನ ಲೋಕಲ್ ರೈಲಲ್ಲಿ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಉಪ್ಪಳದಲ್ಲಿ ಜನ ನುಗ್ಗಿದರು, ಮಾಡೆಲಿನ ಮಾಡು, ಅಂದರೆ ಚಾವಣಿ, ಕಿತ್ತು ಬಂತು. ಜ್ಯೂರಿಯವರು ನೋಡಿದ್ದು ಎರಡೇ ನಿಮಿಷ. "ಮಾಡು ಎಲ್ಲಿ?" ಅಂತ ಒಂದೇ ಪ್ರಶ್ನೆ.

ಕುಂಬಳೆ ಆಫೀಸು:
ಎಲ್ಲರನ್ನೂ ಹೀಗೆ ಹೆದರಿಸಬೇಡಿ. ನಾನು ಹತ್ತೂ ಸೆಮಿಸ್ಟರ್ ಮುಗಿಸಿದೆ, ಕೌನ್ಸಿಲ್ ಆಫ್ ಆರ್ಕಿಟೆಕ್ಚರಿನಲ್ಲಿ ನೋಂದಣಿ ಆಯಿತು, ಈಗ ಊರಲ್ಲೇ ಮನೆ ಕಟ್ಟಿಸುತ್ತಿದ್ದೇನೆ. ನನ್ನ ಮೊದಲ ಪ್ಲಾನಿನ ಟ್ರೇಸಿಂಗ್ ಶೀಟನ್ನು ಮೇಷ್ಟ್ರು ಎಲ್ಲರೆದುರು ಹರಿದರು, ಬಚ್ಚಲಿನ ಬಾಗಿಲು ಊಟದ ಕೋಣೆಗೆ ತೆರೆಯುತ್ತಿತ್ತು ಅಂತ. ಅತ್ತುಬಿಟ್ಟೆ. ಆ ರಜೆಯಲ್ಲಿ ಅಜ್ಜಿ ಮನೆಗೆ ಟೇಪು ಹಿಡಿದುಕೊಂಡು ಹೋದೆ. ಮುರಕಲ್ಲಿನ ಗೋಡೆ, ಜಗಲಿ, ಮಾಡಿನ ಇಳಿಜಾರು ಎಲ್ಲ ಅಳೆದೆ. ಜಗಲಿಯ ಮೇಲೆ ಮಾಡು ಅಷ್ಟು ಕೆಳಗೆ ಇಳಿದದ್ದು ಯಾಕೆ ಅಂತ ಮಳೆ ಬಂದಾಗ ಗೊತ್ತಾಯಿತು. ಒಂದು ಹನಿ ಗೋಡೆಗೆ ತಾಗಲಿಲ್ಲ. ಸಹನೆ ಇದ್ದವರು ಮುಗಿಸುತ್ತಾರೆ.

ಮುಳ್ಳೇರಿಯದವಳು:
ಸಹನೆ ಇರಲಿಲ್ಲ ಅಂತ ನಿಮಗೆ ಹೇಳಿದವರು ಯಾರು? ಮೂರು ವರ್ಷ ಒಂದು ದಿನ ಸ್ಟುಡಿಯೋ ಕ್ಲಾಸು ತಪ್ಪಿಸಿಲ್ಲ. ಅಪ್ಪನಿಗೆ ಹುಷಾರಿಲ್ಲದೆ ಹಣ ನಿಂತಿತು.

ಬದಿಯಡ್ಕದ ಅಪ್ಪ:
ಹಣದ ಮಾತು ಯಾರೂ ಎತ್ತುವುದಿಲ್ಲ, ನಾನು ಹೇಳುತ್ತೇನೆ. ಫೀಸು ಬೇರೆ, ಇದು ಬೇರೆ. ಮೊದಲು 46,000ದ ಲ್ಯಾಪ್‌ಟಾಪ್ ಕೊಡಿಸಿದೆ. ಕಟ್ಟಡದ ಚಿತ್ರ ಮೂಡಿಸುವ ರೆಂಡರಿಂಗ್ ಹಾಕಿದರೆ ನಿಂತೇ ಹೋಗುತ್ತಿತ್ತು. ಮತ್ತೆ 82,000. ಎ1 ಕಲರ್ ಪ್ರಿಂಟ್ ಒಂದಕ್ಕೆ 120, ಹನ್ನೆರಡು ಶೀಟಿಗೆ 1,440. ಹೆಸರಿನ ಸ್ಪೆಲ್ಲಿಂಗ್ ತಪ್ಪಾಗಿ ಇನ್ನೊಮ್ಮೆ 1,440! ಫೋಮ್ ಬೋರ್ಡು, ಅಂಟು, ಬ್ಲೇಡು, ಸ್ಟಡಿ ಟೂರು. ಥೀಸಿಸ್ ವರ್ಷ ಮಳೆಗಾಲಕ್ಕೆ ಇಟ್ಟಿದ್ದ ಎರಡು ಕ್ವಿಂಟಾಲ್ ಅಡಿಕೆ ದರ ಇಲ್ಲದಾಗಲೇ ಕೊಟ್ಟೆ. ಮಗ ಪಾಸಾದ, ಅದಕ್ಕೆ ಬೇಜಾರಿಲ್ಲ. ಅಡಿಕೆಗೆ ಈಗಲೂ ಬೇಜಾರುಂಟು.

ಮಂಜೇಶ್ವರದವನು:
ಗಡಿನಾಡು ಕನ್ನಡಿಗರ ಲೆಕ್ಕದಲ್ಲಿ ಕರ್ನಾಟಕದ ಸೀಟಿಗೆ ಹಾಕಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದವರು (ಕೆಇಎ) ಕನ್ನಡ ಪರೀಕ್ಷೆ ಇಡುತ್ತಾರೆ, ಕನ್ನಡ ಮೀಡಿಯಮ್ಮಿನವರಿಗೆ ಅದು ನೀರು ಕುಡಿದಂತೆ. ನಾನು ಕೇರಳದ ತೆಂಕಣ ಕಾಲೇಜಿಗೆ ಹೋಗಿ ಕೆಟ್ಟೆ. ಜ್ಯೂರಿಯವರು ಮಲಯಾಳದಲ್ಲಿ ಪಟಪಟ ಕೇಳುತ್ತಿದ್ದರು, ಉತ್ತರ ಗೊತ್ತಿದ್ದೂ ಬಾಯಿ ಬರುತ್ತಿರಲಿಲ್ಲ.

ಕಾಸರಗೋಡು ಪೇಟೆ:
ಸುಮ್ನೆ ಮಲಯಾಳದ ಮೇಲೆ ಹಾಕಬೇಡಿ ಮಾರಾಯ್ರೇ. ನಾನೂ ಕನ್ನಡ ಮೀಡಿಯಮ್ಮೇ, ತೃಶೂರಿನ ಸರಕಾರಿ ಕಾಲೇಜಿನಲ್ಲಿ ಓದಿದ್ದು. ಫೀಸು ಎಷ್ಟೋ ಕಡಿಮೆ. ರ‍್ಯಾಂಕಿಗೆ ನಾಟಾ ಅರ್ಧ, ಪ್ಲಸ್ ಟು ಅರ್ಧ. ನನ್ನ ನಾಟಾ ಸಾಧಾರಣ, ಪ್ಲಸ್ ಟು ಮಾರ್ಕೇ ಎತ್ತಿಕೊಂಡಿತು.

ಮಂಜೇಶ್ವರದವನು:
ಪೇಟೆಯಲ್ಲಿ ಬೆಳೆದವರಿಗೆ ಮಲಯಾಳ ಬರುತ್ತದೆ. ನಮ್ಮ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ.

ಕಾಸರಗೋಡು ಪೇಟೆ:
ನಮ್ಮ ಮನೆಯಲ್ಲಿ ಕೊಂಕಣಿ. ಮಲಯಾಳ ಕಲಿತದ್ದು ಹಾಸ್ಟೆಲಿನಲ್ಲಿ, ರಾತ್ರಿ ಎರಡು ಗಂಟೆಗೆ ಅಂಟು ಒಣಗುವವರೆಗೆ ಕಾಯುತ್ತಾ.

ಮುಳ್ಳೇರಿಯದವಳು:
ಪೆರ್ಲದ ಅಕ್ಕ, ನನ್ನ ಡ್ರಾಯಿಂಗ್ ಬೋರ್ಡು, ಟಿ-ಸ್ಕೇಲು, ಸ್ಟೀಲ್ ಸ್ಕೇಲು ಇನ್ನೂ ಅಟ್ಟದಲ್ಲಿ ಉಂಟು. ಸೇರುವುದಾದರೆ ಮಗಳು ಬಂದು ತೆಗೆದುಕೊಂಡು ಹೋಗಲಿ, ದುಡ್ಡು ಬೇಡ.