ಧಾರವಾಡದಲ್ಲಿ ಸಂಜೆಯ ಕೆಲಸ ಮತ್ತು ಹಳೆಯ ಸ್ಕೂಟರ್: ಎಲ್ಲಿ, ಹೇಗೆ ವಿಚಾರಿಸಬೇಕು?

ಪ್ರಶ್ನೆ:
ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎ. ಪ್ರವೇಶ ಪಡೆದು ಸಪ್ತಾಪುರದಲ್ಲಿ ಕೊಠಡಿ ಹಿಡಿದಿದ್ದೇನೆ. ತರಗತಿ ಮುಗಿದ ಮೇಲೆ ಮಾಡಬಹುದಾದ ಕೆಲಸ, ಕಡಿಮೆ ಬೆಲೆಯ ಹಳೆಯ ಸ್ಕೂಟರ್, ಇವೆರಡನ್ನೂ ಮೋಸಹೋಗದೆ ಹುಡುಕುವುದು ಹೇಗೆಂದು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1:
ಸ್ಕೂಟರ್ ವಿಷಯದಲ್ಲಿ ಅವಸರ ಬೇಡ. ನೋಂದಣಿ ಪತ್ರದಲ್ಲಿರುವ ಚಾಸಿಸ್ ಸಂಖ್ಯೆಯನ್ನು ಗಾಡಿಯ ಮೇಲೆ ಕೊರೆದ ಸಂಖ್ಯೆಯೊಂದಿಗೆ ಹಗಲು ಬೆಳಕಿನಲ್ಲಿ, ಒಂದೊಂದೇ ಅಕ್ಷರ ಹಿಡಿದು ತಾಳೆ ನೋಡಿ; ಸಾಲದ ನಮೂದಿದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಕೇಳಿ; ಮಾಲೀಕತ್ವ ವರ್ಗಾವಣೆಯ ಅರ್ಜಿಗಳಾದ ನಮೂನೆ 29 ಮತ್ತು 30ಕ್ಕೆ ಮಾರುವವರ ಸಹಿ ಬೀಳುವವರೆಗೆ ಪೂರ್ತಿ ಹಣ ಕೊಡಬೇಡಿ. ವಿಮೆ ಚಾಲ್ತಿಯಲ್ಲಿದೆಯೇ ಎಂಬುದನ್ನೂ ಗಮನಿಸಿ.

ಉತ್ತರ 2:
ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳು ಹೇರಳವಾಗಿರುವುದರಿಂದ, ನುಡಿ ತಂತ್ರಾಂಶದಲ್ಲಿ ತಪ್ಪಿಲ್ಲದೆ ಬೆರಳಚ್ಚು ಮಾಡಬಲ್ಲವರು ಅಲ್ಲಿ ನೇರವಾಗಿ ಹೋಗಿ ವಿಚಾರಿಸುವುದೇ ಒಳ್ಳೆಯದು. ಮನೆಪಾಠವೂ ಮರ್ಯಾದೆಯ ಕೆಲಸವೇ. ಆದರೆ ಕೆಲಸ ಕೊಡುವ ಮೊದಲೇ ನೋಂದಣಿ ಶುಲ್ಕ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಉತ್ತರ 3:
ಮಂಚ, ಮೇಜು ಬೇಕಿದ್ದರೆ ವಾರ್ಷಿಕ ಪರೀಕ್ಷೆ ಮುಗಿದು ಕೊಠಡಿ ಖಾಲಿ ಮಾಡುವವರನ್ನು ಕೇಳಿ. ಹೊತ್ತೊಯ್ಯುವ ಖರ್ಚಿಗಿಂತ ಬಿಟ್ಟುಹೋಗುವುದೇ ಅವರಿಗೆ ಅಗ್ಗ. ಮುಂದೆ ನೀವೇ ಮಾರುವಾಗ ನೆನಪಿರಲಿ: ಯುಪಿಐ ಮೂಲಕ ಹಣ ಪಡೆಯಲು ಪಿನ್ ಒತ್ತುವ ಅಗತ್ಯವೇ ಇಲ್ಲ.