ವಾಹಕರೆಂದು ತಿಳಿದ ಮೇಲೆ ನೆಂಟರಿಗೆ ಹೇಳಿದಿರಾ?

ತಿಪಟೂರಿನ ಸೊಸೆ: ಬಸುರಿಯಾಗಿದ್ದಾಗ ಮಾಡಿಸಿದ ಪರೀಕ್ಷೆಯಲ್ಲಿ ನಾನು ಬೀಟಾ ಥಲಸ್ಸೀಮಿಯಾ ಎಂಬ ವಂಶಪಾರಂಪರ್ಯದ ರಕ್ತರೋಗದ ವಾಹಕಿ (ನನಗೆ ರೋಗವಿಲ್ಲ, ಆದರೆ ಅದರ ಜೀನ್ ಮಕ್ಕಳಿಗೆ ದಾಟಬಹುದು) ಎಂದು ತಿಳಿಯಿತು, ನನ್ನವರು ವಾಹಕರಲ್ಲ. ಇದು ನನಗೆ ಅಮ್ಮನಿಂದ ಬಂದದ್ದು. ಈಗ ತಮ್ಮನಿಗೆ ಸೋದರಮಾವನ ಮಗಳನ್ನು ತರುವ ಮಾತುಕತೆ ನಡೆದಿದ್ದು, ಬಾಯಿ ಬಿಟ್ಟರೆ ತವರಿನ ದಾರಿ ಮರೆತುಬಿಡು ಎಂದು ಅಮ್ಮ ಹೇಳಿದ್ದಾರೆ. ಹೇಳಿದವರೂ ಹೇಳದೆ ಉಳಿದವರೂ ಅನುಭವ ತಿಳಿಸಿ.

ಶಿರಾದ ತಾಯಿ: ಸೋದರಮಾವನನ್ನೇ ಕೈಹಿಡಿದವಳು ನಾನು. ಮಗನಿಗೆ ಒಂಬತ್ತು ವರ್ಷ; ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ನನಗೆ ಬಸ್ಸು ಉಚಿತವಾದರೂ ಬೆಂಗಳೂರಿನ ಆಟೊ, ಊಟ, ಮಗನ ಟಿಕೆಟ್ ಸೇರಿ ಪ್ರತಿ ಸಲ 740 ರೂಪಾಯಿ, ಮೈಯಲ್ಲಿ ಸೇರುವ ಕಬ್ಬಿಣಾಂಶ ಇಳಿಸುವ ಮಾತ್ರೆಗೆ ತಿಂಗಳಿಗೆ 3,200. ಕೈಯಲ್ಲಿ ಹಣವಿಲ್ಲದೆ ಐದು ತಿಂಗಳು ಮಾತ್ರೆ ತಪ್ಪಿದಾಗ, ಮೈಯಲ್ಲಿ ಎಷ್ಟು ಕಬ್ಬಿಣ ಸೇರಿದೆಯೆಂದು ತೋರಿಸುವ ಫೆರಿಟಿನ್ 1,900ರಿಂದ 2,800ಕ್ಕೆ ಏರಿತು. ದೊಡ್ಡಮ್ಮನ ಮೊಮ್ಮಗು ಇದರಿಂದಲೇ ತೀರಿಕೊಂಡಿತ್ತೆಂಬುದು ನನ್ನ ಮಗನಿಗೆ ರೋಗ ಪತ್ತೆಯಾದ ಮೇಲೆ ತಿಳಿಯಿತು. ಅದುವರೆಗೆ ಎಲ್ಲರ ಬಾಯಲ್ಲೂ ಅದು ಕಾಮಾಲೆ.

ಚಿಂತಾಮಣಿಯ ಮೇಷ್ಟ್ರು: ನಾನು ಹೇಳಿದೆ, ಹೇಳಿದ್ದಕ್ಕೆ ಹೆಮ್ಮೆಯಿದೆ. ತಂದೆಯ ತಿಥಿಯ ಪಂಕ್ತಿಯಲ್ಲೇ ವಿಷಯ ಎತ್ತಿ, ಹನ್ನೊಂದು ಮಂದಿಗೆ ತಲೆಗೆ 950 ರೂಪಾಯಿಯಂತೆ ನನ್ನ ಸಂಬಳದಿಂದಲೇ ವಾಹಕರನ್ನು ಗುರುತಿಸುವ ರಕ್ತಪರೀಕ್ಷೆಯಾದ ಎಚ್‌ಪಿಎಲ್‌ಸಿ ಮಾಡಿಸಿದೆ, ನಾಲ್ವರು ವಾಹಕರು. ಅಣ್ಣನ ಮಗಳಲ್ಲಿ, ವಾಹಕರಿಗೆ ಹೆಚ್ಚಿರುವ ಹಿಮೋಗ್ಲೋಬಿನ್ ಬಗೆಯಾದ ಎಚ್‌ಬಿಎ2 ಶೇ. 3.3 ಬಂದು ಸಹಜವೆಂದು ಬರೆದುಕೊಟ್ಟಿದ್ದರು. ಕಬ್ಬಿಣದ ಕೊರತೆಯಿದ್ದರೆ ಆ ಅಂಕಿ ತಗ್ಗಬಹುದೆಂದು ಓದಿದ್ದ ನಾನು, ಮೂರು ತಿಂಗಳು ಕಬ್ಬಿಣದ ಮಾತ್ರೆ ಕೊಡಿಸಿ ಮತ್ತೆ ಮಾಡಿಸಿದಾಗ ಶೇ. 4.1 ಬಂತು, ಅವಳೂ ವಾಹಕಿ. ಸೋದರತ್ತೆಯ ಮಗನೊಂದಿಗೆ ಆಗಿದ್ದ ಅವಳ ನಿಶ್ಚಿತಾರ್ಥ ಮುರಿಯಿತು, ಅಣ್ಣ ಇಂದಿಗೂ ಮಾತನಾಡುವುದಿಲ್ಲ.

ಮಾಲೂರಿನವಳು: ಆ ಹುಡುಗಿಯ ಜಾಗದಲ್ಲಿ ನಿಂತವಳು ನಾನು. ನನ್ನ ಚಿಕ್ಕಪ್ಪ ನನ್ನನ್ನು ಕೇಳದೆ ವರದಿಯನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದರು. ವಾಹಕಿ ರೋಗಿಯಲ್ಲವೆಂಬುದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಮೂರು ಸಂಬಂಧಗಳು ಹಿಂದೆ ಸರಿದವು. ಇಬ್ಬರೂ ವಾಹಕರಾಗಿದ್ದರೆ ತಾನೇ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲಿನ ಅಪಾಯ? ಮೇಷ್ಟ್ರೇ, ಆ ಹುಡುಗನಿಗೆ ಪರೀಕ್ಷೆ ಮಾಡಿಸಿದ್ದಿರಾ?

ಚಿಂತಾಮಣಿಯ ಮೇಷ್ಟ್ರು: ಅತ್ತೆಯ ಮನೆಯವರು ಒಪ್ಪಲಿಲ್ಲ. ಬಚ್ಚಿಟ್ಟರೆ ಏನಾಗುತ್ತದೆಂಬುದಕ್ಕೆ ಶಿರಾದವರ ಮಗನೇ ಇದ್ದಾನಲ್ಲ.

ಶಿರಾದ ತಾಯಿ: ನನ್ನ ಮಗನನ್ನು ನಿಮ್ಮ ವಾದಕ್ಕೆ ಸಾಕ್ಷಿಯಾಗಿ ನಿಲ್ಲಿಸಬೇಡಿ. ಎಲೆಯ ಮುಂದೆ ಕೂತವರಿಗೆಲ್ಲ ಸಾರುವುದು ನಮಗೆ ಬೇಕಿರಲಿಲ್ಲ. ದೊಡ್ಡಮ್ಮ ಬಾಗಿಲು ಮುಂದೆ ಮಾಡಿಕೊಂಡು ನನ್ನೊಬ್ಬಳಿಗೆ ಹೇಳಿದ್ದರೂ ಸಾಕಿತ್ತು, ಬಸಿರಿನ 12ನೇ ವಾರದಲ್ಲೇ, ಮಗುವಿಗೆ ರೋಗವಿದೆಯೇ ಎಂದು ಮಾಸಿನ ಚೂರು ತೆಗೆದು ನೋಡುವ ಪರೀಕ್ಷೆಗೆ ಹೋಗುತ್ತಿದ್ದೆ.