ಕಲೆ–ತಂತ್ರಜ್ಞಾನ ಸಮ್ಮೇಳನ: ವಿದ್ವತ್ತೋ, ಪ್ರದರ್ಶನವೋ?

ಜಯನಗರದ ಕೇಳುಗ:
ಕಳೆದ ವಾರ ನಮ್ಮೂರಿನ ಕಾಲೇಜೊಂದರಲ್ಲಿ ಕಲೆ, ತಂತ್ರಜ್ಞಾನ ಮತ್ತು ಸಮಕಾಲೀನ ಸಂಸ್ಕೃತಿಯ ಕುರಿತು ಸಮ್ಮೇಳನ ನಡೆಯಿತು. ಪ್ರಬಂಧ ಓದಲು ಹತ್ತೇ ನಿಮಿಷ, ಉಳಿದ ಹೊತ್ತು ಕೆಲಸ ಮಾಡಿ ತೋರಿಸಬೇಕು ಎಂಬ ನಿಯಮ. ವಿದ್ಯಾರ್ಥಿನಿಯೊಬ್ಬಳು ಮಳೆನೀರು ಹರಿಯುವ ರಾಜಕಾಲುವೆಯ ಸದ್ದನ್ನು ಧ್ವನಿಮುದ್ರಿಸಿ, ಅದರ ಏರಿಳಿತವನ್ನು ಗೋಡೆಯ ಮೇಲೆ ಗೆರೆಗಳಾಗಿ ಮೂಡಿಸಿದಳು. ಚನ್ನಪಟ್ಟಣದ ಕುಶಲಕರ್ಮಿಯೊಬ್ಬರು ಮರವನ್ನು ತಿರುಗಿಸುವ ಲೇತ್ ಮೇಲೆ ಬೊಂಬೆ ಕಡೆಯುತ್ತಿದ್ದರು. ಪಕ್ಕದಲ್ಲೇ ಕಂಪ್ಯೂಟರ್ ಚಾಲಿತ ಯಂತ್ರ ಅಂಥದ್ದೇ ಬೊಂಬೆಯನ್ನು ಕೊರೆಯುತ್ತಿತ್ತು. ನಮ್ಮ ವಿಚಾರ ಸಂಕಿರಣಗಳೆಲ್ಲ ಹೀಗೇ ನಡೆಯಬೇಕು ಎನ್ನುವುದು ನನ್ನ ಬಲವಾದ ಅಭಿಪ್ರಾಯ.

ಬಸವನಗುಡಿ ಕುಂಚ:
"ಕೆಲಸ ಮಾಡಿ ತೋರಿಸಬೇಕು" ಎಂದಿರಿ. ಅದಕ್ಕೆ ಪ್ರದರ್ಶನ ಎನ್ನುತ್ತಾರೆ, ವಿದ್ವತ್ತು ಎನ್ನುವುದಿಲ್ಲ. 2018ರಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ ಅಲ್ಗಾರಿದಮ್ ರಚಿಸಿದ ಭಾವಚಿತ್ರ 4,32,500 ಡಾಲರಿಗೆ ಮಾರಾಟವಾಯಿತು. ಈ ಹುಚ್ಚು ಶುರುವಾದದ್ದೇ ಅಲ್ಲಿಂದ. ವರ್ಷಗಟ್ಟಲೆ ಗೆರೆ ತಿದ್ದಿದವರನ್ನು ಈಗ ಯಾರು ಕರೆಯುತ್ತಾರೆ?

ಸಂಕೇತಲಿಪಿ:
"ಶುರುವಾದದ್ದೇ ಅಲ್ಲಿಂದ" ಎಂಬುದು ಶುದ್ಧ ಸುಳ್ಳು. 1966ರಲ್ಲೇ ನ್ಯೂಯಾರ್ಕಿನಲ್ಲಿ ರೌಶೆನ್‌ಬರ್ಗ್ ಮತ್ತಿತರ ಕಲಾವಿದರು ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾ ಸಂಸ್ಥೆಯ ಎಂಜಿನಿಯರುಗಳ ಜೊತೆ ಸೇರಿ ಒಂಬತ್ತು ಸಂಜೆಗಳ ಪ್ರಯೋಗ ನಡೆಸಿದ್ದರು. 1968ರಲ್ಲಿ ಲಂಡನ್ನಿನಲ್ಲಿ ಕಂಪ್ಯೂಟರ್ ಕಲೆಯ ದೊಡ್ಡ ಪ್ರದರ್ಶನವೇ ಆಯಿತು. ಹೆರಾಲ್ಡ್ ಕೋಹೆನ್ ಎಂಬ ಚಿತ್ರಕಾರರು 1970ರ ದಶಕದಿಂದ ಸಾಯುವವರೆಗೂ ಚಿತ್ರ ಬಿಡಿಸುವ ಒಂದೇ ಪ್ರೋಗ್ರಾಮನ್ನು ತಿದ್ದುತ್ತಾ ಬಂದರು. ಚರಿತ್ರೆ ಓದಿಕೊಂಡು ಬನ್ನಿ.

ಬಸವನಗುಡಿ ಕುಂಚ:
"ಚಿತ್ರಕಾರರು" ಎಂದು ನೀವೇ ಬರೆದಿರಿ, ಸಂತೋಷ. ಅವರು ಮೊದಲು ಕುಂಚ ಹಿಡಿದವರು, ಆಮೇಲೆ ಯಂತ್ರ ಮುಟ್ಟಿದವರು. ನಿಮ್ಮ ಸಮ್ಮೇಳನದಲ್ಲಿ ಕುಂಚ ಹಿಡಿದವರು ಎಷ್ಟು ಜನ ಇದ್ದರು? ಆ ಲೇತಿಗೂ ಮೋಟಾರ್ ಇತ್ತು, ನಾನು ಚಿತ್ರ ನೋಡಿದ್ದೇನೆ. ಮೋಟಾರ್ ಬಂದ ದಿನವೇ ಅದು ಕರಕುಶಲ ಕಲೆಯಾಗಿ ಉಳಿಯಲಿಲ್ಲ.

ಹಾಲೆಮರ:
ಸ್ವಾಮಿ, ನಮ್ಮದು ಚನ್ನಪಟ್ಟಣದ ಲೇತಿನ ಮನೆ. ಮೋಟಾರ್ ಮರವನ್ನು ತಿರುಗಿಸುತ್ತದೆ, ಅಷ್ಟೇ. ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುವುದು ಕೈ. ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಬೇಕು. ಒತ್ತುವುದರಲ್ಲಿ ಏರುಪೇರಾದರೆ ಬಣ್ಣ ಪಟ್ಟೆಪಟ್ಟೆಯಾಗಿ ನಿಲ್ಲುತ್ತದೆ. ಆಮೇಲೆ ಕೇದಿಗೆ ಗರಿ ಇಟ್ಟು ಹೊಳಪು ತರುವುದೂ ಕೈಯೇ. ಒಂದು ದಿನ ಬಂದು ಕೂತು ನೋಡಿ, ಆಮೇಲೆ ತೀರ್ಪು ಕೊಡಿ.

ಚಾಮರಾಜಪೇಟೆ ಹಿರಿಯ:
"ಅಷ್ಟೇ" ಎನ್ನುವುದು ಸರಿಯಲ್ಲ. ಕೈಲೇತಿನಲ್ಲಿ ಬಿಲ್ಲು ಎಳೆದಾಗ ಮರ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ತಿರುಗುತ್ತದೆ. ಉಳಿ ಕಚ್ಚುವುದು ಒಂದು ದಿಕ್ಕಿನಲ್ಲಿ ಮಾತ್ರ. ಆ ಬಿಡುವಿನಲ್ಲೇ ಕಡೆಯುವವನ ಲೆಕ್ಕಾಚಾರ ಇರುತ್ತದೆ. ಮೋಟಾರ್ ಆ ಬಿಡುವನ್ನೇ ತೆಗೆದುಹಾಕಿತು. ಅದನ್ನು ಸಣ್ಣ ಬದಲಾವಣೆ ಎನ್ನುವವರಿಗೆ ಕಸುಬಿನ ಒಳಗು ಗೊತ್ತಿಲ್ಲ.

ಹಾಲೆಮರ:
"ಕಸುಬಿನ ಒಳಗು ಗೊತ್ತಿಲ್ಲ"! ನಮ್ಮ ಅಜ್ಜ ದಿನವಿಡೀ ಬಿಲ್ಲು ಎಳೆದು ಭುಜ ಕಳೆದುಕೊಂಡವರು. ಆ ಬಿಡುವಿನ ಸೊಗಸನ್ನು ಕುರ್ಚಿಯಲ್ಲಿ ಕೂತು ಮೆಚ್ಚುವುದು ಸುಲಭ. ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದ್ದು ಇದೇ ಬೊಂಬೆಗಳಿಗೆ, ಮೋಟಾರಿನ ಮೇಲೆ ಕಡೆದವರನ್ನು ಯಾರೂ ಹೊರಗಿಟ್ಟಿಲ್ಲ.

ಚಾಮರಾಜಪೇಟೆ ಹಿರಿಯ:
ಮಾನ್ಯತೆ ಊರಿನ ಹೆಸರನ್ನು ಕಾಪಾಡುತ್ತದೆ, ಕೈಯ ಹದವನ್ನಲ್ಲ. ಕೈಲೇತಿನ ಮಾತು ಎತ್ತಿದರೆ ಸರ್ಕಾರದ ಕಾಗದ ತೋರಿಸುತ್ತೀರಿ.

ಸಂಕೇತಲಿಪಿ:
ಹಿರಿಯರೇ, ಯಂತ್ರ ಬಂದರೆ ಹದ ಹೋಗುತ್ತದೆ ಎನ್ನುವುದಾದರೆ ರವಿವರ್ಮರನ್ನು ಏನು ಮಾಡುತ್ತೀರಿ? 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದರು. ನಮ್ಮ ದೇವರ ಮನೆಗಳ ಲಕ್ಷ್ಮಿ, ಸರಸ್ವತಿಯರು ಆ ಯಂತ್ರದಿಂದ ಬಂದವರು.

ಬಸವನಗುಡಿ ಕುಂಚ:
ಆ ಮುದ್ರಣಾಲಯ ನಷ್ಟಕ್ಕೆ ಬಿದ್ದು ಅವರ ಕೈಬಿಟ್ಟು ಹೋಯಿತು. ಅದನ್ನೇಕೆ ಬರೆಯಲಿಲ್ಲ? ನಮ್ಮ ಚಿತ್ರಕಾರ ವೆಂಕಟಪ್ಪನವರು ಯಾವ ಯಂತ್ರದ ಹಂಗೂ ಇಲ್ಲದೆ ಬದುಕಿದರು.

ಸಂಕೇತಲಿಪಿ:
ನಷ್ಟವಾದರೆ ಕಲೆಯಲ್ಲವೇ? ಹಾಗಾದರೆ ಹರಾಜಿನಲ್ಲಿ ಲಾಭ ಮಾಡಿದ ಭಾವಚಿತ್ರ ಕಲೆಯಾಗಬೇಕಲ್ಲ. ಒಂದು ಕಡೆ ನಿಲ್ಲಿ.

ಜಯನಗರದ ಕೇಳುಗ:
ದಯವಿಟ್ಟು ಸಮ್ಮೇಳನದ ವಿಷಯಕ್ಕೆ ಬನ್ನಿ. ರಾಜಕಾಲುವೆಯ ಆ ಕೆಲಸದ ಬಗ್ಗೆ ಒಬ್ಬರಾದರೂ ಮಾತಾಡಲಿಲ್ಲ. ಈ ನಗರ ತನ್ನ ಕೆರೆಗಳ ನಡುವಿನ ಕಾಲುವೆಗಳನ್ನು ಮುಚ್ಚಿಕೊಂಡು ಮಳೆಗಾಲದಲ್ಲಿ ಮುಳುಗುತ್ತಿದೆ. ಅದನ್ನು ಕಿವಿಗೆ ಮುಟ್ಟಿಸಿದ ಹುಡುಗಿ ಅವಳು.

ಚಾಮರಾಜಪೇಟೆ ಹಿರಿಯ:
ವಿಷಯದಲ್ಲೇ ಇದ್ದೇವೆ. ಲೇತನ್ನು ವೇದಿಕೆಗೆ ತಂದವರು ನೀವು.

ಮೂರನೇ ಸಾಲು:
ನಾನೂ ಅಲ್ಲಿದ್ದೆ. ಆಹ್ವಾನ ಪತ್ರಿಕೆ ನನ್ನ ಮುಂದಿದೆ. ಪ್ರಬಂಧ ಓದಿದ ಪ್ರತಿಯೊಬ್ಬರಿಗೂ ಹೆಸರು, ಪದವಿ, ಸಂಸ್ಥೆ ಇವೆ. ಲೇತಿನ ಎದುರು ಕೂತವರಿಗೆ "ಚನ್ನಪಟ್ಟಣದ ಕುಶಲಕರ್ಮಿ" ಎಂದಷ್ಟೇ ಇದೆ. ಪ್ರಶ್ನೋತ್ತರದಲ್ಲಿ ಮೈಕು ಅವರ ಕೈಗೆ ಬರಲೇ ಇಲ್ಲ. ಅವರ ಕೆಲಸವನ್ನು ಪಕ್ಕದಲ್ಲಿ ನಿಂತ ಸಂಶೋಧಕರು ಇಂಗ್ಲಿಷಿನಲ್ಲಿ ವಿವರಿಸಿದರು. ವಿದ್ವತ್ತೋ ಪ್ರದರ್ಶನವೋ ಎಂದು ಇಲ್ಲಿ ಇಷ್ಟು ಹೊತ್ತು ಜಗಳವಾಡಿದಿರಿ. ಅಲ್ಲಿ ವಿದ್ವಾಂಸರು ಯಾರು, ಪ್ರದರ್ಶನಕ್ಕಿಟ್ಟವರು ಯಾರು ಎಂದು ಒಬ್ಬರೂ ಕೇಳಲಿಲ್ಲ.

ಸಂಕೇತಲಿಪಿ:
"ಇಂಗ್ಲಿಷಿನಲ್ಲಿ" ಎಂದು ದೂರುವುದು ಸುಲಭ, ಮೇಡಂ. ಹೊರರಾಜ್ಯದವರೂ ಬಂದಿದ್ದರು. ಪತ್ರಿಕೆ ಅಚ್ಚಾಗುವ ಹೊತ್ತಿಗೆ ಯಾರು ಬರುತ್ತಾರೆಂದು ಖಚಿತವಾಗಿರಲಿಲ್ಲ ಎಂದು ಕಾಣುತ್ತದೆ.

ಹಾಲೆಮರ:
ಬೊಂಬೆಯ ಚಿತ್ರ ಮಾತ್ರ ಮುಖಪುಟದಲ್ಲಿ ಅಚ್ಚಾಗಿತ್ತು. ಅದು ಖಚಿತವಾಗಿತ್ತು.

ಬಸವನಗುಡಿ ಕುಂಚ:
ಮೊದಲ ದಿನದಿಂದ ನಾನು ಹೇಳುತ್ತಿರುವುದು ಇದನ್ನೇ.

ಹಾಲೆಮರ:
ನೀವು ಹೇಳಿದ್ದು ನಮ್ಮದು ಕಲೆಯೇ ಅಲ್ಲ ಎಂದು. ಮೇಲೆ ಹೋಗಿ ಓದಿ.

ಚಾಮರಾಜಪೇಟೆ ಹಿರಿಯ:
ಹೆಸರಿನ ಪ್ರಶ್ನೆ ಬೇರೆ. ಉಳಿಯ ಬಿಡುವಿನ ಬಗ್ಗೆ ನಾನು ಕೇಳಿದ್ದಕ್ಕೆ ಇಲ್ಲಿ ಇನ್ನೂ ಯಾರೂ ಉತ್ತರಿಸಿಲ್ಲ.